ಪದ ಪರಿಚಯ: ಜಿಪ್

‘ಜಿಪ್ ಮಾಡಿ ಕಳಿಸಿ’ ಎಂದಾಗ ಅನೇಕರಿಗೆ ಹೊಳೆಯುವುದು ಚೀಲದ ಜಿಪ್ಪು. ಹೆಸರಿಟ್ಟವರ ಮನಸ್ಸಿನಲ್ಲಿದ್ದದ್ದು ವೇಗ: ಇಂಗ್ಲಿಷಿನಲ್ಲಿ ಅದು ಸುಯ್ಯೆಂದು ಹಾರಿಹೋಗುವ ಸದ್ದು. 1989ರಲ್ಲಿ ಅಮೆರಿಕದ ಫಿಲ್ ಕಾಟ್ಜ್ ಕಡತಗಳನ್ನು ಕುಗ್ಗಿಸುವ ತಮ್ಮ ಪಿಕೆಜಿಪ್ ತಂತ್ರಾಂಶಕ್ಕೆ ಈ ಹೆಸರನ್ನು ಆಯ್ದುಕೊಂಡರು. ಬರೀ ಬಡಾಯಿಯಲ್ಲ, ಅವರ ಹಿಂದಿನ ಪಿಕೆಆರ್ಕ್ ಕೂಡ ಅಸೆಂಬ್ಲಿ ಭಾಷೆಯ ಬಲದಿಂದ ಎದುರಾಳಿ ತಂತ್ರಾಂಶವನ್ನು ವೇಗದಲ್ಲಿ ಹಿಂದಿಕ್ಕಿತ್ತು.

ಜಿಪ್‌ಗೆ ಮುಂದೆ ಸೇರಿದ ಡಿಫ್ಲೇಟ್ ವಿಧಾನ, ಹಿಂದಿನ 32 ಕಿಲೋಬೈಟ್‌ಗಳಲ್ಲಿ 3ರಿಂದ 258 ಬೈಟ್ ಉದ್ದದ ಪುನರಾವರ್ತನೆ ಹುಡುಕಿ, ‘ಇಷ್ಟು ಹಿಂದೆ, ಇಷ್ಟು ಉದ್ದ’ ಎಂದಷ್ಟೇ ಬರೆದಿಡುತ್ತದೆ. ಹೆಚ್ಚು ಹೊತ್ತು ಹಿಡಿಯುವುದು ಈ ಹುಡುಕಾಟವೇ. ನುರಿತ ಅಸೆಂಬ್ಲಿ ಬರಹಗಾರರು ಬೈಟ್ ಬೈಟಾಗಿ ಹೋಲಿಸುವುದಿಲ್ಲ. ನಾಲ್ಕನ್ನು ಒಟ್ಟಿಗೆ ಎಕ್ಸಾರ್ (ಎರಡೂ ಒಂದೇ ಆಗಿದ್ದರೆ ಸೊನ್ನೆ ಕೊಡುವ ಲೆಕ್ಕ) ಮಾಡುತ್ತಾರೆ, ಸೊನ್ನೆ ಬಂದರೆ ಮುಂದಕ್ಕೆ.

ಅಂದಹಾಗೆ, ಸಾಮಾನ್ಯ ಜಿಪ್ ಕಡತದ ಮೊದಲೆರಡು ಬೈಟ್‌ಗಳು ‘ಪಿ’, ‘ಕೆ’: ಫಿಲ್ ಕಾಟ್ಜ್ ಹೆಸರಿನ ಇಂಗ್ಲಿಷ್ ಮೊದಲಕ್ಷರಗಳು.