ಹನೋಯಿಯ ಬೀದಿಯನ್ನು ಕೆತ್ತಿದವರು

ವಿಯೆಟ್ನಾಮಿನ ಹೆಂಗಸರು ಹಲ್ಲಿಗೆ ಕಪ್ಪು ಹಚ್ಚಿಕೊಳ್ಳುತ್ತಿದ್ದ ಪದ್ಧತಿಯ ಬಗ್ಗೆ ಹಳೆಯ ಪ್ರವಾಸ ಕಥನಗಳನ್ನು ಓದಿದರೆ ಬೇಗ ಬೇಸರ ಬರುತ್ತದೆ. ವೀಳ್ಯ ಜಗಿದು ಜಗಿದು ಹಲ್ಲು ಕರ್ರಗಾಯಿತು ಎಂದು ಎಷ್ಟೋ ಯುರೋಪಿಯನ್ನರು ಬರೆದು ಕೈತೊಳೆದುಕೊಂಡಿದ್ದಾರೆ. ಎಲೆಯಡಿಕೆಯಿಂದ ಹಲ್ಲು ಕೆಂಪಾದೀತು, ಕಂದಾದೀತು; ಆ ಮಿರಿಮಿರಿ ಕಪ್ಪು ಬಾರದು. ನಮ್ಮ ಮಲೆನಾಡಿನ ಯಾವ ಅಜ್ಜಿಯನ್ನು ಕೇಳಿದ್ದರೂ ಇಷ್ಟು ಹೇಳುತ್ತಿದ್ದಳು. ಆ ಕಪ್ಪಿನ ವಿದ್ಯೆಯೇ ಬೇರೆ. ಮೊದಲು ಅರಗನ್ನು ನಿಂಬೆರಸದಲ್ಲಿ ಕಲಸಿ ರಾತ್ರಿ ಹಲ್ಲಿಗೆ ಮೆತ್ತಬೇಕು. ಹಲವು ದಿನ ಹೀಗೆ ಮಾಡಿದ ಮೇಲೆ ಅನ್ನಭೇದಿ ಹಚ್ಚಬೇಕು. ಕೊನೆಗೆ ತೆಂಗಿನ ಕರಟ ಸುಟ್ಟು ಇಳಿಸಿದ ಎಣ್ಣೆ. ಅಷ್ಟೂ ದಿನ ಗಟ್ಟಿ ಆಹಾರ ಅಗಿಯುವಂತಿಲ್ಲ.

ಇಂಥ ಕೆಲಸವನ್ನು ಹತ್ತಿರ ಕೂತು ನೋಡಿದವರು ಯಾರಾದರೂ ಇದ್ದರೇ ಎಂದು ಹುಡುಕಿದಾಗ ಎದುರಾದ ಹೆಸರು ಆನ್ರಿ ಓಜೆ. 1885ರಲ್ಲಿ ಹುಟ್ಟಿದ ಫ್ರೆಂಚ್ ಯುವಕ. 1908ರಲ್ಲಿ ಕಡ್ಡಾಯ ಸೈನಿಕ ಸೇವೆಗೆಂದು ಹನೋಯಿಗೆ ಬಂದವನು ಒಬ್ಬ ಸ್ಥಳೀಯ ಚಿತ್ರಗಾರನನ್ನು ಜೊತೆಗೆ ಕರೆದುಕೊಂಡು ಕಸುಬಿನವರ ಕೇರಿಗಳನ್ನು ಸುತ್ತತೊಡಗಿದ. ಅಂಗಡಿ ಮುಂದೆ ನಿಲ್ಲುವುದು, ಈ ಉಪಕರಣ ಏನು, ಇದನ್ನು ಹೇಗೆ ಹಿಡಿಯುತ್ತೀರಿ ಎಂದು ಕೇಳುವುದು, ಅಲ್ಲೇ ಚಿತ್ರ ಬರೆಸುವುದು. ಹೀಗೆ 4,000ಕ್ಕೂ ಹೆಚ್ಚು ಚಿತ್ರಗಳಾದವು. ಕಿವಿಯ ಗುಗ್ಗೆ ತೆಗೆಯುವ ಕ್ಷೌರಿಕ, ಅಡ್ಡೆ ಹೊತ್ತ ತಿಂಡಿಯವರು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆಡುವ ಮಕ್ಕಳು, ಹುಕ್ಕಾ ಸೇದುವವರು, ಹಲ್ಲಿಗೆ ಕಪ್ಪು ಹಚ್ಚಿಕೊಳ್ಳುವವರು ಎಲ್ಲರೂ ಅಲ್ಲಿದ್ದಾರೆ. ರಾಜರಿಲ್ಲ, ಯುದ್ಧವಿಲ್ಲ.

ಸರ್ಕಾರ ಹಣ ಕೊಡಲಿಲ್ಲ. ಚಂದಾ ಎತ್ತಿದರೆ ಸಿಕ್ಕಿದ್ದು 200 ಪಿಯಾಸ್ತ್ರ. ಸುಮಾರು ಮೂವತ್ತು ಮಂದಿ ಕೆತ್ತನೆಗಾರರು ದೇಗುಲದ ಆವರಣದಲ್ಲಿ ಕೂತು ಚಿತ್ರಗಳನ್ನು ಮರದ ಹಲಗೆಗಳ ಮೇಲೆ ಕೆತ್ತಿದರು. ಅಚ್ಚಿಗೆ ಹಾಕುವ ಹೊತ್ತಿಗೆ ಬೇಸಿಗೆ ಬಂತು, ಸೆಕೆಗೆ ಹಲಗೆಗಳು ಸೊಟ್ಟಗಾದವು, ಯಂತ್ರಕ್ಕೆ ಕೂರಲಿಲ್ಲ. ಯಂತ್ರ ಬಿಟ್ಟು ಬುಓಯ್ ಹಳ್ಳಿಯ ಕೈಕಾಗದ ತಂದು, ಹಲಗೆಗೆ ಮಸಿ ಬಳಿದು, ಒಂದೊಂದನ್ನೂ ಕೈಯಿಂದಲೇ ಒತ್ತಿ ತೆಗೆದರು. ವಿಯೆಟ್ನಾಮಿನ ಹಬ್ಬದ ಪಟಗಳು ತಲೆಮಾರುಗಳಿಂದ ಅಚ್ಚಾಗುತ್ತಿದ್ದುದೇ ಹಾಗೆ. ವಸಾಹತಿನ ಜನಾಂಗ ವಿವರಣೆಯಾಗಬೇಕಿದ್ದ ಪುಸ್ತಕ ಅದೇ ಜನರ ಕಸುಬಿನ ಮಾದರಿಯೂ ಆದದ್ದು ಹವಾಮಾನದ ದಯೆಯಿಂದ! ಪ್ರತಿಗಳು ಮಾತ್ರ ಸುಮಾರು 60. ಹೆಸರು ‘ತೆಕ್ನಿಕ್ ದ್ಯು ಪಪ್ಲ್ ಅನಾಮಿತ್’, ಅಂದರೆ ಅನ್ನಾಮಿ ಜನರ ಕಸುಬುಗಾರಿಕೆ; ವಿಯೆಟ್ನಾಮಿಗರನ್ನು ಫ್ರೆಂಚರು ಆಗ ಕರೆಯುತ್ತಿದ್ದುದು ಹಾಗೆ.

ಅಲ್ಲಿಂದ ಮುಂದೆ ಜಾಡು ತೆಳುವಾಗುತ್ತದೆ. ಹಳೆಯ ಶಾಸನ, ಗ್ರಂಥಗಳಲ್ಲೇ ಮುಳುಗಿದ್ದ ಫ್ರೆಂಚ್ ಪ್ರಾಚ್ಯ ಸಂಶೋಧನಾ ಸಂಸ್ಥೆಯ ಪಂಡಿತರನ್ನು ಓಜೆ ಟೀಕಿಸಿದ್ದ; ಅವರೂ ಅವನತ್ತ ತಿರುಗಿ ನೋಡಲಿಲ್ಲ. 1919ರಲ್ಲಿ ಅವನು ವಿಯೆಟ್ನಾಂ ಬಿಟ್ಟ. 1970ರಲ್ಲಿ ಪಿಯೆರ್ ಉಆರ್ ಎಂಬ ವೈದ್ಯ ವಿದ್ವಾಂಸ ಆ ಸಂಸ್ಥೆಯ ಪತ್ರಿಕೆಯಲ್ಲಿ ಅವನ ಬಗ್ಗೆ ಲೇಖನ ಬರೆದರು. ಸೈಗಾನಿನ ಗ್ರಂಥಾಲಯದಲ್ಲಿ ಉಳಿದಿದ್ದ ಪ್ರತಿಯ ಬೆನ್ನು ಹತ್ತಿದವರು ಸಂಶೋಧಕ ಙುಯೆನ್ ಮಾನ್ಹ್ ಹುಂಗ್. 2009ರಲ್ಲಿ ಒಲಿವಿಯೇ ತೆಸ್ಸಿಯೇ ಮತ್ತು ಫಿಲಿಪ್ ಲ ಫಾಯೇ ಸಂಪಾದಕತ್ವದಲ್ಲಿ ಮೂರು ಸಂಪುಟಗಳ ಮರುಮುದ್ರಣ ಬಂತು. ಅದನ್ನು ಹೊರತಂದದ್ದು, ಹಿಂದೆ ಅವನತ್ತ ನೋಡದಿದ್ದ ಅದೇ ಪ್ರಾಚ್ಯ ಸಂಸ್ಥೆ.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಓಜೆಯ ಫ್ರೆಂಚ್ ವಿವರಣೆಯಲ್ಲ, ಚಿತ್ರಗಳ ಪಕ್ಕದ ಬರಹ. ಕೆತ್ತಿದವರು ಚೀನೀ ಲಿಪಿಯಲ್ಲೂ, ಅದೇ ಮಾದರಿಯ ಅಕ್ಷರಗಳಲ್ಲಿ ವಿಯೆಟ್ನಾಮಿ ಬರೆಯುವ ನೋಮ್ ಲಿಪಿಯಲ್ಲೂ ಚಿಕ್ಕ ಟಿಪ್ಪಣಿಗಳನ್ನು ಹಾಕಿದ್ದಾರೆ. ಓಜೆ ವಿಂಗಡಿಸುತ್ತಾನೆ: ಇದು ಬಿದಿರಿನ ಕೆಲಸ, ಇದು ಲೋಹದ್ದು, ಇದು ಆಟ. ಅವರದು ಕೆಲಸ ಬಲ್ಲವರ ಮಾತು, ಯಾರು ಏನು ಮಾಡುತ್ತಿದ್ದಾರೆ ಎಂದಷ್ಟೇ. ಈ ಎರಡು ದನಿಗಳು ಎಲ್ಲಿ ಒಂದಾಗುತ್ತವೆ, ಎಲ್ಲಿ ಬೇರಾಗುತ್ತವೆ ಎಂದು ನೋಡಬೇಕು. ಚಿತ್ರಗಳನ್ನು ಬರೀ ಅಂದಕ್ಕೆಂದು ಕ್ಯಾಲೆಂಡರಿಗೆ ಹಾಕಿಕೊಳ್ಳುವವರಿಗೆ ಅರ್ಧ ಪುಸ್ತಕ ಕೈತಪ್ಪುತ್ತದೆ.

ಆದರೆ ಆ ಅರ್ಧವನ್ನು ಓದುವವರು ವಿಯೆಟ್ನಾಮಿನಲ್ಲೇ ವಿರಳ. ಚೀನೀ ಲಿಪಿಯಲ್ಲಿ ನಡೆಯುತ್ತಿದ್ದ ರಾಜಪರೀಕ್ಷೆಗಳು ಉತ್ತರದಲ್ಲಿ 1915ಕ್ಕೆ, ರಾಜಧಾನಿ ಹುಎಯ ಅರಮನೆಯಲ್ಲಿ 1919ಕ್ಕೆ ಮುಗಿದವು. ರೋಮನ್ ಅಕ್ಷರದ ಬರವಣಿಗೆ ಎಲ್ಲೆಡೆ ಬಂತು. ಹೊಸವರ್ಷದ ತೆತ್ ಹಬ್ಬದಲ್ಲಿ ಕೆಂಪು ಕಾಗದದ ಮೇಲೆ ಶುಭನುಡಿ ಬರೆದುಕೊಡುವ ಮುದುಕ ಮೇಷ್ಟರು ಓಜೆಯ ಹಾಳೆಯಲ್ಲಿ ಗಿರಾಕಿಗಳಿರುವ ಕಸುಬುದಾರ. 1936ರಲ್ಲಿ ವು ದಿನ್ಹ್ ಲಿಯೆನ್ ‘ಓಂಗ್ ದೋ’ ಕವಿತೆ ಬರೆಯುವಾಗ ಅದೇ ಮೇಷ್ಟರು ಮರೆಯಾಗುತ್ತಿರುವ ಮನುಷ್ಯ. ಎರಡರ ನಡುವೆ ಮೂವತ್ತು ವರ್ಷವೂ ಇಲ್ಲ.

ಹೀಗಾಗಿ 2009ರ ಆವೃತ್ತಿಯಲ್ಲಿ ಆ ಟಿಪ್ಪಣಿಗಳನ್ನು ಇಂದಿನ ವಿಯೆಟ್ನಾಮಿ ಲಿಪಿಗೆ, ಜೊತೆಗೆ ಫ್ರೆಂಚ್ ಮತ್ತು ಇಂಗ್ಲಿಷಿಗೆ ತರಬೇಕಾಯಿತು. ಮುಖಪುಟದಲ್ಲಿ ಲೇಖಕನೆಂದು ಇರುವುದು ಈಗಲೂ ಓಜೆ ಒಬ್ಬನೇ. ಅಚ್ಚಿನ ಹಲಗೆ ಕೆತ್ತುವುದಕ್ಕೆ ಹೆಸರಾದ ಹಳ್ಳಿಗಳು ಹಾಯ್ ಝುಓಂಗ್ ಸೀಮೆಯ ಹೊಂಗ್ ಲುಕ್ ಮತ್ತು ಲಿಯೆವು ಚಾಂಗ್. ಆ ಮೂವತ್ತು ಮಂದಿಯ ಹೆಸರು ಹುಡುಕುವವರು ಪ್ಯಾರಿಸ್ಸಿನ ಕಡತ ಬದಿಗಿಟ್ಟು ಅಲ್ಲಿನ ವಂಶಾವಳಿ ಪುಸ್ತಕಗಳನ್ನು ಬಿಚ್ಚಬೇಕು.