ಬೀಗ ಊರಿಗೆಲ್ಲ, ಕೀಲಿಕೈ ಒಬ್ಬರಿಗೆ

ಟೆಂಡರಿನ ದರಪಟ್ಟಿಯನ್ನು ಅಂಚೆ ಕಾರ್ಡಿನಲ್ಲಿ ಬರೆದು ಕಳಿಸುವ ವರ್ತಕರನ್ನು ನೀವು ಕಂಡಿರಲಾರಿರಿ. ಲಕೋಟೆಯೊಳಗಿಟ್ಟು ಅರಗಿನ ಮುದ್ರೆ ಒತ್ತುವುದು ರೂಢಿ. ಇ-ಮೇಲ್ ಮಾತ್ರ ಹುಟ್ಟಿದ್ದೇ ಅಂಚೆ ಕಾರ್ಡಾಗಿ. ದಾರಿಯಲ್ಲಿ ಅದನ್ನು ದಾಟಿಸುವ ಪ್ರತಿಯೊಂದು ಗಣಕಯಂತ್ರದಲ್ಲೂ ಅದನ್ನು ಓದಲು ಸಾಧ್ಯವಿತ್ತು.

ಹಾಗಾದರೆ ಗೂಢಲಿಪಿ ಇರಲಿಲ್ಲವೇ? ಇತ್ತು. ರಾಜರ ಕಾಲದಿಂದಲೂ ಇತ್ತು. ತೊಡಕಿದ್ದುದು ಕೀಲಿಕೈಯಲ್ಲಿ. ಬರೆಯುವವರಲ್ಲೂ ಓದುವವರಲ್ಲೂ ಒಂದೇ ಕೀಲಿಕೈ ಇರಬೇಕಿತ್ತು. ಅದನ್ನು ಕಳ್ಳರ ಕೈಗೆ ಸಿಗದಂತೆ ತಲುಪಿಸುವುದು ಹೇಗೆ? ರಾಯಭಾರ ಕಚೇರಿಗಳಿಗೆ ನಂಬಿಕೆಯ ದೂತರಿದ್ದರು. ಸಾಮಾನ್ಯ ವ್ಯಾಪಾರಿಗೆ ಯಾರಿದ್ದರು?

1976ರಲ್ಲಿ ಅಮೆರಿಕದ ವಿಟ್‌ಫೀಲ್ಡ್ ಡಿಫಿ ಮತ್ತು ಮಾರ್ಟಿನ್ ಹೆಲ್ಮನ್ ಹೊಸ ದಾರಿ ತೋರಿದರು. ಕೀಲಿಕೈ ಎರಡಿರಲಿ. ಬೀಗ ಹಾಕಲಷ್ಟೇ ಬರುವುದನ್ನು ಊರಿಗೆಲ್ಲ ಹಂಚಿಬಿಡಿ, ತೆಗೆಯುವುದನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ಮರುವರ್ಷ ರಿವೆಸ್ಟ್, ಶಮೀರ್, ಏಡಲ್‌ಮನ್ ಇದಕ್ಕೆ ತಕ್ಕ ಗಣಿತ ಒದಗಿಸಿದರು. ಕಾಗದ ಹಿಡಿದು ನೀವೇ ನೋಡಿ: 61ನ್ನು 53ರಿಂದ ಗುಣಿಸಿದರೆ 3233. ಒಂದು ನಿಮಿಷದ ಕೆಲಸ. ಬರಿಯ 3233 ಕೊಟ್ಟು, ಯಾವ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಿದು ಎಂದು ಕೇಳಿದರೆ? ನೂರಾರು ಅಂಕಿಗಳ ಸಂಖ್ಯೆಯಾದರೆ ಗಣಕಯಂತ್ರವೂ ಸೋಲುತ್ತದೆ. (ಬ್ರಿಟನ್ನಿನ ಗುಪ್ತಚರ ಸಂಸ್ಥೆಯ ಕ್ಲಿಫರ್ಡ್ ಕಾಕ್ಸ್ 1973ರಲ್ಲೇ ಇದನ್ನು ಕಂಡುಕೊಂಡಿದ್ದರು. ಅದು 1997ರವರೆಗೆ ಸರ್ಕಾರದ ಗುಟ್ಟಾಗಿಯೇ ಉಳಿಯಿತು!)

ಈ ಗಣಿತವನ್ನು ಜನಸಾಮಾನ್ಯರ ಇ-ಮೇಲಿಗೆ ತಂದವರು ಫಿಲ್ ಜಿಮ್ಮರ್‌ಮನ್. 1991ರಲ್ಲಿ ಅವರು 'ಪಿಜಿಪಿ' ಎಂಬ ತಂತ್ರಾಂಶವನ್ನು ಉಚಿತವಾಗಿ ಹಂಚಿದರು. ಅದು ದೇಶದ ಗಡಿ ದಾಟಿತು. ಆಗಿನ ಅಮೆರಿಕದ ರಫ್ತು ನಿಯಮದಲ್ಲಿ ಪ್ರಬಲ ಗೂಢಲಿಪಿಗೂ ಯುದ್ಧಸಾಮಗ್ರಿಗೂ ಒಂದೇ ಪಟ್ಟಿ! 1993ರಲ್ಲಿ ಅವರ ಮೇಲೆ ತನಿಖೆ ಶುರುವಾಯಿತು. ಸೆರೆವಾಸದ ಭೀತಿ ಎದುರಾಯಿತು. 1995ರಲ್ಲಿ ಎಂ.ಐ.ಟಿ. ಪ್ರೆಸ್ ತಂತ್ರಾಂಶದ ಮೂಲ ಸಂಕೇತವನ್ನು ಪುಸ್ತಕವಾಗಿಯೇ ಅಚ್ಚು ಹಾಕಿತು. ಡಿಸ್ಕಿನಲ್ಲಿ ಹೋದರೆ ಶಸ್ತ್ರಾಸ್ತ್ರ, ಕಾಗದದಲ್ಲಿ ಹೋದರೆ ಸಾಹಿತ್ಯ! ಇಂಥ ನಿಯಮದ ಪೊಳ್ಳುತನವನ್ನು ಇದಕ್ಕಿಂತ ಚೆನ್ನಾಗಿ ಯಾವ ವಕೀಲರೂ ವಾದಿಸಲಾರರು. 1996ರ ಜನವರಿಯಲ್ಲಿ, ಆರೋಪಪಟ್ಟಿಯನ್ನೇ ಸಲ್ಲಿಸದೆ ತನಿಖೆಯನ್ನು ಕೈಬಿಡಲಾಯಿತು.

ಇಂದು ಹೆಚ್ಚಿನ ಇ-ಮೇಲ್ ಸೇವೆಗಳು ಪತ್ರಕ್ಕೆ ದಾರಿಯುದ್ದಕ್ಕೂ ಮುಸುಕು ಹಾಕುತ್ತವೆ. ಆದರೆ ನಡುವಿನ ಸರ್ವರಿನಲ್ಲಿ ಮುಸುಕು ತೆರೆದಿರುತ್ತದೆ. ಪಿಜಿಪಿಯ ಬೀಗ ತೆರೆಯುವುದು ಪಡೆದವರ ಕೈಯಲ್ಲಿ ಮಾತ್ರ. ನಿಮ್ಮ ವ್ಯವಹಾರದ ಪತ್ರಕ್ಕೆ ಅದನ್ನು ಬಳಸುವಿರಾದರೆ ಒಂದನ್ನು ಗಮನಿಸಿ: ಸಾಮಾನ್ಯವಾಗಿ 'ವಿಷಯ'ದ ಸಾಲಿಗೂ ವಿಳಾಸಗಳಿಗೂ ಆ ಬೀಗವಿಲ್ಲ. ದರವನ್ನು ಅಲ್ಲಿ ಬರೆಯಬೇಡಿ.