ಮಾರಿ ಉಳಿದವರ ಬ್ರಹ್ಮಾಂಡ

2014ರಲ್ಲಿ ತೆರೆಕಂಡ ‘ಎಕ್ಸ್-ಮೆನ್: ಡೇಸ್ ಆಫ್ ಫ್ಯೂಚರ್ ಪಾಸ್ಟ್’ ಚಿತ್ರದಲ್ಲಿ ಮಿಂಚಿನ ವೇಗದಲ್ಲಿ ಓಡುವ ಒಬ್ಬ ಹುಡುಗನಿದ್ದಾನೆ. ಹೆಸರು ಪೀಟರ್. ಗುಂಡು ಗಾಳಿಯಲ್ಲಿ ಹಾರುತ್ತಿರುವಾಗಲೇ ಅದನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳುವಷ್ಟು ವೇಗ. ಮರುವರ್ಷ ಬಂದ ‘ಅವೆಂಜರ್ಸ್: ಏಜ್ ಆಫ್ ಅಲ್ಟ್ರಾನ್’ ಚಿತ್ರದಲ್ಲೂ ಅಷ್ಟೇ ವೇಗದ ಹುಡುಗನೊಬ್ಬ ಬರುತ್ತಾನೆ. ಅವನ ಹೆಸರು ಪಿಯೆತ್ರೊ. ಕಾಮಿಕ್ಸ್ ಓದಿದವರಿಗೆ ಇಬ್ಬರೂ ಒಬ್ಬನೇ, ಕ್ವಿಕ್‌ಸಿಲ್ವರ್. ಪರದೆಯ ಮೇಲೆ ಮಾತ್ರ ನಟ ಬೇರೆ, ಊರು ಬೇರೆ, ಕೊನೆಗೆ ಹಣೆಬರಹವೂ ಬೇರೆ. ಇನ್ನೂ ಒಂದು ವ್ಯತ್ಯಾಸವಿದೆ. ಮೊದಲ ಚಿತ್ರದಲ್ಲಿ ಇಂಥವರನ್ನು ಕರೆಯುವ ‘ಮ್ಯುಟೆಂಟ್’ ಎಂಬ ಪದ ಎರಡನೆಯದರಲ್ಲಿ ಒಮ್ಮೆಯೂ ಕೇಳಿಸುವುದಿಲ್ಲ.

ಕಾರಣ ಕಥೆಯೊಳಗೆ ಸಿಗುವುದಿಲ್ಲ, ಕರಾರು ಪತ್ರದಲ್ಲಿ ಸಿಗುತ್ತದೆ. ಕ್ವಿಕ್‌ಸಿಲ್ವರ್ 1964ರಲ್ಲಿ ‘ಎಕ್ಸ್-ಮೆನ್’ ಪತ್ರಿಕೆಯಲ್ಲಿ ಹುಟ್ಟಿ, ಮರುವರ್ಷ ‘ಅವೆಂಜರ್ಸ್’ ತಂಡ ಸೇರಿದವನು. ಎಕ್ಸ್-ಮೆನ್ ಚಿತ್ರಗಳ ಹಕ್ಕು ಫಾಕ್ಸ್ ಸ್ಟುಡಿಯೋ ಬಳಿ ಇತ್ತು, ಅವೆಂಜರ್ಸ್ ಹಕ್ಕು ಮಾರ್ವೆಲ್ ಬಳಿ ಉಳಿದಿತ್ತು. ಎರಡೂ ಮನೆಗೆ ಸೇರಿದ ಹುಡುಗನನ್ನು ಇಬ್ಬರೂ ಬಳಸಬಹುದು. ಆದರೆ ಮ್ಯುಟೆಂಟ್ ಎಂಬ ಪದ ಫಾಕ್ಸ್ ಪಾಲಿನದು. ಹೀಗಾಗಿ ಮಾರ್ವೆಲ್ ತಾನೇ ಹುಟ್ಟುಹಾಕಿದ ಪಾತ್ರಕ್ಕೆ ತಾನೇ ಬಳಕೆಗೆ ತಂದ ಪದವನ್ನು ಬಳಸಲಾಗದೆ ಬೇರೆ ಪದ ಹುಡುಕಬೇಕಾಯಿತು.

ಹಲವು ನಾಯಕರು ಒಂದೇ ಕಥಾಲೋಕದಲ್ಲಿ ಓಡಾಡುವ, ಒಂದು ಚಿತ್ರದ ಎಳೆ ಇನ್ನೊಂದಕ್ಕೆ ಹರಿಯುವ ಈ ಬಗೆಯ ಸಿನಿಮಾಗಳನ್ನು ಈಗ ‘ಸಿನಿಮ್ಯಾಟಿಕ್ ಯೂನಿವರ್ಸ್’ ಎನ್ನುತ್ತಾರೆ. ಯಾರೋ ಒಬ್ಬ ದೂರದೃಷ್ಟಿಯವನು ಮೊದಲೇ ನಕ್ಷೆ ಹಾಕಿ ಇದನ್ನು ಕಟ್ಟಿದ ಎಂಬ ಭಾವನೆ ಸಾಮಾನ್ಯ. ಇತಿಹಾಸ ನೋಡಿದರೆ ನಕ್ಷೆಯ ಗೆರೆಗಳನ್ನು ಎಳೆದದ್ದು ಹೆಚ್ಚಾಗಿ ಬಡತನ. ಒಳ್ಳೊಳ್ಳೆಯ ಪಾತ್ರಗಳನ್ನೆಲ್ಲ ಕಷ್ಟಕಾಲದಲ್ಲಿ ಮಾರಿಕೊಂಡ ಕಂಪನಿಯೊಂದು, ಯಾರಿಗೂ ಬೇಡವಾಗಿ ಉಳಿದವರನ್ನು ಕಟ್ಟಿಕೊಂಡು ಹೊರಟ ಕಥೆ ಇದು.

ಇದರ ಕೇಂದ್ರದಲ್ಲಿರುವವನು ಸ್ಪೈಡರ್-ಮ್ಯಾನ್. 1962ರಲ್ಲಿ ಸ್ಟ್ಯಾನ್ ಲೀ ಮತ್ತು ಚಿತ್ರಕಾರ ಸ್ಟೀವ್ ಡಿಟ್ಕೊ ‘ಅಮೇಜಿಂಗ್ ಫ್ಯಾಂಟಸಿ’ಯ 15ನೆಯ ಸಂಚಿಕೆಯಲ್ಲಿ ಅವನನ್ನು ತಂದರು. ಕೆಲವೇ ವರ್ಷಗಳಲ್ಲಿ ಅವನು ಮಾರ್ವೆಲ್‌ನ ಅತಿ ದೊಡ್ಡ ಆಸ್ತಿಯಾದ. ಆದರೂ 1985ರಲ್ಲಿ ಅವನ ಚಲನಚಿತ್ರ ಹಕ್ಕು ಕ್ಯಾನನ್ ಎಂಬ ಅಗ್ಗದ ಚಿತ್ರಗಳ ಕಂಪನಿಗೆ ಹೋದದ್ದು 2,25,000 ಡಾಲರ್ ಮತ್ತು ಗಳಿಕೆಯಲ್ಲಿ ಒಂದಿಷ್ಟು ಪಾಲಿಗೆ. ಅದು ಪೂರ್ತಿ ಮಾರಾಟವಾಗಿರಲಿಲ್ಲ. ಸೈಟಿಗೆ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡ ಹಾಗೆ: ಐದು ವರ್ಷದೊಳಗೆ ಸಿನಿಮಾ ಮಾಡಬೇಕು, ಇಲ್ಲದಿದ್ದರೆ ಹಕ್ಕು ವಾಪಸು. ಕ್ಯಾನನ್ ಬರೆಸಿದ ಮೊದಲ ಕಥೆಯಲ್ಲಿ ನಾಯಕ ಎಂಟು ತೋಳಿನ ವಿಕಾರ ಪ್ರಾಣಿಯಾಗಿಬಿಡುತ್ತಿದ್ದ. ಸ್ಟ್ಯಾನ್ ಲೀ ಒಪ್ಪಲಿಲ್ಲ. ಬೇರೆ ಕಥೆ ಬರೆಸುವಷ್ಟರಲ್ಲಿ ಕ್ಯಾನನ್‌ನ ಹಣವೇ ಖಾಲಿಯಾಗುತ್ತಾ ಬಂತು.

ಮುಂದಿನ ಹತ್ತು ವರ್ಷದ ಕಥೆ ನಮ್ಮ ಊರುಗಳ ಜಮೀನು ವ್ಯಾಜ್ಯಗಳನ್ನು ನೆನಪಿಸುತ್ತದೆ. 1989ರಲ್ಲಿ ಕ್ಯಾನನ್ ಬಿಟ್ಟು ಹೊರಟ ಮೆನಾಹೆಮ್ ಗೋಲನ್ ತನ್ನ ಪಾಲಿನ ಲೆಕ್ಕದಲ್ಲಿ ಸ್ಪೈಡರ್-ಮ್ಯಾನ್ ಹಕ್ಕನ್ನೂ ಹೊತ್ತೊಯ್ದ. ಚಿತ್ರಕ್ಕೆ ಹಣ ಹೊಂದಿಸಲು ಟಿವಿ ಹಕ್ಕನ್ನು ವಯಾಕಾಮ್‌ಗೆ, ವಿಡಿಯೋ ಹಕ್ಕನ್ನು ಕೊಲಂಬಿಯಾಗೆ, ಚಿತ್ರಮಂದಿರದ ಹಕ್ಕನ್ನು ಕ್ಯಾರೊಲ್ಕೊ ಕಂಪನಿಗೆ ಬಿಡಿಬಿಡಿಯಾಗಿ ಮಾರಿದ. ಕ್ಯಾರೊಲ್ಕೊ ಜೇಮ್ಸ್ ಕ್ಯಾಮರೂನ್‌ರನ್ನು ಕರೆತಂದಿತು. ಅವರು ವಿಸ್ತಾರವಾದ ಕಥಾರೂಪವನ್ನೂ ಬರೆದರು. ಅಷ್ಟರಲ್ಲಿ ಗೋಲನ್ ಕ್ಯಾರೊಲ್ಕೊ ಮೇಲೆ, ಕ್ಯಾರೊಲ್ಕೊ ವಯಾಕಾಮ್ ಮತ್ತು ಕೊಲಂಬಿಯಾ ಮೇಲೆ ದಾವೆ ಹೂಡಿದ್ದಾಯಿತು. ಕ್ಯಾನನ್‌ನ ಹಳೆಯ ಹಕ್ಕು ತನಗೆ ಬಂದಿದೆ ಎಂದು ಎಂಜಿಎಂ ಕೂಡ ಕೋರ್ಟಿಗೆ ಹೋಯಿತು. ಕೇಸು ನಡೆಯುತ್ತಿದ್ದಾಗಲೇ ಗೋಲನ್‌ನ ಕಂಪನಿ ಮತ್ತು ಕ್ಯಾರೊಲ್ಕೊ ದಿವಾಳಿಯಾದವು. 1996ರ ಡಿಸೆಂಬರ್‌ನಲ್ಲಿ ಮಾರ್ವೆಲ್ ಕೂಡ ದಿವಾಳಿ ಅರ್ಜಿ ಹಾಕಿತು.

ಮಾರ್ವೆಲ್‌ನ ಪತನಕ್ಕೆ ಅದರದೇ ಕಾರಣಗಳಿದ್ದವು. 1989ರಲ್ಲಿ ಅದನ್ನು 8.25 ಕೋಟಿ ಡಾಲರ್‌ಗೆ ಕೊಂಡ ರೊನಾಲ್ಡ್ ಪೆರೆಲ್ಮನ್ ಸಾಲದ ಮೇಲೆ ಸಾಲ ಮಾಡಿ ಕ್ರೀಡಾಪಟುಗಳ ಕಾರ್ಡು, ಸ್ಟಿಕರ್ ತಯಾರಿಸುವ ಕಂಪನಿಗಳನ್ನು ಕೊಂಡಿದ್ದರು. ಮುಂದೆ ಬೆಲೆ ಬರುತ್ತದೆಂದು ಜನ ಒಂದೇ ಸಂಚಿಕೆಯ ಹಲವು ಪ್ರತಿ ಕೊಂಡಿಡುತ್ತಿದ್ದ ಕಾಮಿಕ್ಸ್ ಮಾರುಕಟ್ಟೆ 1993ರ ನಂತರ ಕುಸಿಯಿತು. ಪೆರೆಲ್ಮನ್ ಮತ್ತು ಕಾರ್ಲ್ ಐಕಾನ್ ಎಂಬ ಇಬ್ಬರು ಸಿರಿವಂತರು ಕಂಪನಿಗಾಗಿ ಕಿತ್ತಾಡಿದರು. 1998ರಲ್ಲಿ ಅದು ದಕ್ಕಿದ್ದು ಟಾಯ್ ಬಿಜ್ ಎಂಬ ಆಟಿಕೆ ಕಂಪನಿಯ ಐಸಾಕ್ ಪರ್ಲ್‌ಮಟರ್ ಮತ್ತು ಆವಿ ಅರಾದ್‌ರಿಗೆ. ಗೊಂಬೆ ಮಾರುವವರಿಗೆ ಸಿನಿಮಾ ಎಂದರೆ ಗೊಂಬೆಯ ಜಾಹೀರಾತು. ಬೇರೆ ಯಾರು ತೆಗೆದರೂ ನಡೆಯುತ್ತಿತ್ತು.

ಅಷ್ಟು ಹೊತ್ತಿಗಾಗಲೇ ಎಕ್ಸ್-ಮೆನ್ ಫಾಕ್ಸ್‌ಗೆ ಹೋಗಿತ್ತು. ಫೆಂಟಾಸ್ಟಿಕ್ ಫೋರ್ ಜರ್ಮನಿಯ ನಿರ್ಮಾಪಕ ಬರ್ನ್ಡ್ ಐಷಿಂಗರ್ ಕೈಯಲ್ಲಿತ್ತು. ಅವರ ಹಕ್ಕಿನ ಗಡುವು 1992ರ ಡಿಸೆಂಬರ್ 31ಕ್ಕೆ ಮುಗಿಯಬೇಕಿತ್ತು. ಮೂರು ದಿನ ಮೊದಲು, ಸುಮಾರು 10 ಲಕ್ಷ ಡಾಲರ್ ಬಜೆಟ್ಟಿನಲ್ಲಿ ಚಿತ್ರೀಕರಣ ಶುರು ಮಾಡಿ ಹಕ್ಕು ಉಳಿಸಿಕೊಂಡರು. ಆ ಚಿತ್ರ ಪೂರ್ಣಗೊಂಡಿತು, ಆದರೆ ಬಿಡುಗಡೆಯಾಗಲೇ ಇಲ್ಲ. ಊರೂರು ತಿರುಗಿ ಪ್ರಚಾರ ಮಾಡಿದ್ದ ನಟರಿಗೆ ವಿಷಯ ತಿಳಿದದ್ದು ತಡವಾಗಿ.

ಸ್ಪೈಡರ್-ಮ್ಯಾನ್ ವ್ಯಾಜ್ಯ ಇತ್ಯರ್ಥವಾಗಿ ಹಕ್ಕು ಮಾರ್ವೆಲ್‌ಗೆ ಮರಳಿತು. ಕೈ ಖಾಲಿಯಿದ್ದ ಮಾರ್ವೆಲ್ ಅದನ್ನು ಸೋನಿಗೆ ಮಾರಲು ಹೊರಟಿತು. ಪತ್ರಕರ್ತ ಬೆನ್ ಫ್ರಿಟ್ಜ್ ಬರೆದಿರುವ ಪ್ರಕಾರ, ಸ್ಪೈಡರ್-ಮ್ಯಾನ್ ಜೊತೆಗೆ ಮಾರ್ವೆಲ್‌ನಲ್ಲಿ ಉಳಿದ ಬಹುತೇಕ ಎಲ್ಲ ಪಾತ್ರಗಳನ್ನೂ 2.5 ಕೋಟಿ ಡಾಲರ್‌ಗೆ ಕೊಡಲು ಅದು ಮುಂದೆ ಬಂದಿತ್ತು. ಸೋನಿಯ ಮೇಲಧಿಕಾರಿಗಳು ಬೇಡವೆಂದರು. ಐರನ್ ಮ್ಯಾನ್, ಥಾರ್, ಬ್ಲ್ಯಾಕ್ ಪ್ಯಾಂಥರ್ ಯಾರಿಗೆ ಬೇಕು, ಸ್ಪೈಡರ್-ಮ್ಯಾನ್ ಒಬ್ಬನೇ ಸಾಕು ಎಂಬುದು ಅವರ ಲೆಕ್ಕ. ಎಂಜಿಎಂ ಜೊತೆಗಿನ ತಕರಾರೂ 1999ರ ಮಾರ್ಚ್‌ನಲ್ಲಿ ಬಗೆಹರಿಯಿತು. ಸೋನಿ ಜೇಮ್ಸ್ ಬಾಂಡ್ ಮೇಲೆ ಹೂಡಿದ್ದ ಹಕ್ಕುದಾರಿಕೆ ಬಿಟ್ಟುಕೊಟ್ಟಿತು, ಎಂಜಿಎಂ ಸ್ಪೈಡರ್-ಮ್ಯಾನ್ ಮೇಲಿನದನ್ನು ಬಿಟ್ಟಿತು. ಬ್ರಿಟನ್ನಿನ ಗೂಢಚಾರ ಆಚೆಗೆ, ನ್ಯೂಯಾರ್ಕಿನ ಹುಡುಗ ಈಚೆಗೆ.

2002ರಲ್ಲಿ ಬಂದ ‘ಸ್ಪೈಡರ್-ಮ್ಯಾನ್’ ಜಗತ್ತಿನಾದ್ಯಂತ 82 ಕೋಟಿ ಡಾಲರ್ ಗಳಿಸಿತು. ಇದರಲ್ಲಿ ಮಾರ್ವೆಲ್‌ಗೆ ಸಿಕ್ಕ ಪಾಲು ಎಷ್ಟು ಕಡಿಮೆಯಿತ್ತೆಂದರೆ ಮರುವರ್ಷ ಅದು ಸೋನಿಯನ್ನೇ ಕೋರ್ಟಿಗೆಳೆಯಿತು, 2004ರಲ್ಲಿ ರಾಜಿಯಾಯಿತು. ಪಾತ್ರ ನಮ್ಮದು, ದುಡ್ಡು ಅವರದು ಎಂಬ ಈ ನೋವಿನಿಂದಲೇ ಮುಂದಿನ ಹೆಜ್ಜೆ ಹುಟ್ಟಿತು.

ಡೇವಿಡ್ ಮೈಸೆಲ್ ಎಂಬ ಅಧಿಕಾರಿ ನಾವೇ ಸಿನಿಮಾ ಮಾಡೋಣ ಎಂದರು. ಹಣವಿರಲಿಲ್ಲ. 2005ರಲ್ಲಿ ಮೆರಿಲ್ ಲಿಂಚ್ 52.5 ಕೋಟಿ ಡಾಲರ್‌ವರೆಗೆ ಸಾಲ ಕೊಡಲು ಒಪ್ಪಿತು. ಒತ್ತೆಯಿಟ್ಟದ್ದು ಹತ್ತು ಆಸ್ತಿಗಳ ಚಿತ್ರ ಹಕ್ಕು: ಕ್ಯಾಪ್ಟನ್ ಅಮೆರಿಕ, ಅವೆಂಜರ್ಸ್, ನಿಕ್ ಫ್ಯೂರಿ, ಬ್ಲ್ಯಾಕ್ ಪ್ಯಾಂಥರ್, ಆ್ಯಂಟ್-ಮ್ಯಾನ್, ಡಾಕ್ಟರ್ ಸ್ಟ್ರೇಂಜ್, ಹಾಕ್‌ಐ, ಶಾಂಗ್-ಚಿ, ಕ್ಲೋಕ್ ಆ್ಯಂಡ್ ಡ್ಯಾಗರ್, ಪವರ್ ಪ್ಯಾಕ್. ಚಿತ್ರಗಳು ಸೋತಿದ್ದರೆ ಇವು ಸಾಲಗಾರರ ಪಾಲಾಗುತ್ತಿದ್ದವು. ಇಂದು ಈ ಪಟ್ಟಿ ಭಾರಿ ಎನಿಸುತ್ತದೆ. ಅಂದು ಇದು ಮಾರಿ ಉಳಿದ ಸರಕು. ಐರನ್ ಮ್ಯಾನ್ ಅದೇ ವರ್ಷ ನ್ಯೂ ಲೈನ್ ಕಂಪನಿಯಿಂದ ವಾಪಸು ಬಂದ. ಹಲ್ಕ್ ಕೂಡ ಯೂನಿವರ್ಸಲ್‌ನಿಂದ ಬಂದ, ಆದರೆ ಅವನೊಬ್ಬನದೇ ಚಿತ್ರವಾದರೆ ವಿತರಣೆ ಯೂನಿವರ್ಸಲ್‌ನದು ಎಂಬ ಷರತ್ತಿನೊಂದಿಗೆ. 2008ರ ನಂತರ ಹಲ್ಕ್ ಹೆಸರಿನ ಚಿತ್ರ ಬಂದಿಲ್ಲ, ಬೇರೆಯವರ ಚಿತ್ರಗಳಲ್ಲಿ ಮಾತ್ರ ಕಾಣಿಸಿಕೊಂಡಿದ್ದಾನೆ.

2008ರ ಮೇ ತಿಂಗಳಲ್ಲಿ ‘ಐರನ್ ಮ್ಯಾನ್’ ಬಂತು. ಶೀರ್ಷಿಕೆಗಳೆಲ್ಲ ಮುಗಿದ ಮೇಲೆ ನಿಕ್ ಫ್ಯೂರಿ ಕತ್ತಲಲ್ಲಿ ನಿಂತು, ನೀನೊಬ್ಬನೇ ಅಲ್ಲ ಎನ್ನುವ ಅರ್ಥದಲ್ಲಿ ಅವೆಂಜರ್ಸ್ ಪ್ರಸ್ತಾಪ ಎತ್ತಿದ. ಒಬ್ಬೊಬ್ಬರಾಗಿ ಹೆಸರಿಲ್ಲದವರು ಒಟ್ಟಾದರೆ ಹೆಸರಾಗಬಹುದು ಎಂಬುದು ಕಾಮಿಕ್ಸ್‌ನಲ್ಲಿ ಹಳೆಯ ಉಪಾಯ. ಇಲ್ಲಿ ಅದು ಅನಿವಾರ್ಯವೂ ಆಗಿತ್ತು. ಸ್ಪೈಡರ್-ಮ್ಯಾನ್ ಮತ್ತು ವುಲ್ವರಿನ್ ಮಾರ್ವೆಲ್ ಕೈಯಲ್ಲೇ ಇದ್ದಿದ್ದರೆ ಥಾರ್‌ಗಾಗಿ ಯಾರು ಸಾಲ ಮಾಡುತ್ತಿದ್ದರು? 2009ರ ಆಗಸ್ಟ್‌ನಲ್ಲಿ ಡಿಸ್ನಿ ಸುಮಾರು 400 ಕೋಟಿ ಡಾಲರ್‌ಗೆ ಮಾರ್ವೆಲ್ ಕೊಳ್ಳುವುದಾಗಿ ಘೋಷಿಸಿತು. 2012ರ ‘ಅವೆಂಜರ್ಸ್’ 150 ಕೋಟಿ ಡಾಲರ್ ದಾಟಿತು.

ಇತ್ತ ಸೋನಿಯ ತಲೆಯ ಮೇಲೆ ಗಡಿಯಾರ ಓಡುತ್ತಿತ್ತು. ಹಕ್ಕು ಉಳಿಯಬೇಕಾದರೆ ಒಂದು ಚಿತ್ರದ ನಂತರ ಐದು ಮುಕ್ಕಾಲು ವರ್ಷದೊಳಗೆ ಇನ್ನೊಂದು ಬಿಡುಗಡೆಯಾಗಬೇಕು. ಸ್ಯಾಮ್ ರೈಮಿಯ ನಾಲ್ಕನೆಯ ಚಿತ್ರ 2010ರಲ್ಲಿ ರದ್ದಾದಾಗ ಕಾಯುವ ಹಾಗಿರಲಿಲ್ಲ. ಹೊಸ ನಟನೊಂದಿಗೆ ಕಥೆಯನ್ನು ಮೊದಲಿನಿಂದ ಹೇಳುವ ಚಿತ್ರ 2012ರಲ್ಲಿ ಬಂತು. ಈ ನಡುವೆ 2011ರಲ್ಲಿ ಇನ್ನೊಂದು ಪಾಲುಪಟ್ಟಿಯಾಯಿತು: ಚಿತ್ರದ ಗಳಿಕೆ ಸೋನಿಗೆ, ಆಟಿಕೆ ಅಂಗಿ ಮುಂತಾದ ಸರಕಿನ ಗಳಿಕೆ ಡಿಸ್ನಿಗೆ. 2014ರ ಚಿತ್ರ ನಿರೀಕ್ಷೆ ಮುಟ್ಟದಿದ್ದಾಗ ಸೋನಿ ಮೆತ್ತಗಾಯಿತು. 2015ರ ಫೆಬ್ರವರಿಯ ಒಪ್ಪಂದದಂತೆ ಹಣ ಹಾಕುವುದು, ವಿತರಿಸುವುದು, ಕೊನೆಯ ಮಾತು ಹೇಳುವುದು ಎಲ್ಲ ಸೋನಿಯದೇ. ಚಿತ್ರವನ್ನು ರೂಪಿಸುವ ಕೆಲಸದಲ್ಲಿ ಮಾರ್ವೆಲ್‌ನ ಕೆವಿನ್ ಫೈಗಿ ಇರುತ್ತಾರೆ, ಹುಡುಗ ಅವೆಂಜರ್ಸ್ ಚಿತ್ರಗಳಿಗೂ ಬರುತ್ತಾನೆ. 2019ರ ಆಗಸ್ಟ್‌ನಲ್ಲಿ ಹಣದ ಪಾಲಿಗಾಗಿ ಇದು ಮುರಿದುಬಿತ್ತು, ಅಭಿಮಾನಿಗಳು ಗಲಾಟೆ ಎಬ್ಬಿಸಿದರು, ಮರುತಿಂಗಳೇ ಹೊಸ ಕರಾರಾಯಿತು. ಅದೇ ವರ್ಷದ ಮಾರ್ಚ್‌ನಲ್ಲಿ ಡಿಸ್ನಿ 7,130 ಕೋಟಿ ಡಾಲರ್ ವ್ಯವಹಾರದಲ್ಲಿ ಫಾಕ್ಸ್‌ನ ಬಹುಪಾಲನ್ನು ಕೊಂಡಿತ್ತು. ‘ಮ್ಯುಟೆಂಟ್’ ಪದ ಮನೆಗೆ ಮರಳಿತು.

ಈ ಬೇಲಿ ಭಾರತದವರೆಗೂ ಚಾಚಿದೆ. 2004ರಲ್ಲಿ ಶರದ್ ದೇವರಾಜನ್, ಸುರೇಶ್ ಸೀತಾರಾಮನ್ ಮತ್ತು ಜೀವನ್ ಕಾಂಗ್ ಸೇರಿ ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಸ್ಪೈಡರ್-ಮ್ಯಾನ್‌ನನ್ನು ಸೃಷ್ಟಿಸಿದರು. 2023ರಲ್ಲಿ ಅವನು ಪರದೆಗೆ ಬಂದದ್ದು ‘ಅಕ್ರಾಸ್ ದ ಸ್ಪೈಡರ್-ವರ್ಸ್’ನಲ್ಲಿ; ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಇಲ್ಲಿಗೆ ಬಂದ ಆ ಚಿತ್ರ ಸೋನಿಯದು. ಹುಟ್ಟಿದ್ದು ಎಲ್ಲೇ ಆಗಲಿ, ಸ್ಪೈಡರ್-ಮ್ಯಾನ್ ಎನಿಸಿಕೊಂಡ ಮೇಲೆ ಪರದೆಯ ದಾರಿ ಸೋನಿಯ ಅಂಗಳದಿಂದಲೇ.

ಇಷ್ಟೆಲ್ಲ ಕೊಡುಕೊಳ್ಳುವಿಕೆಯ ಮೇಜಿನಲ್ಲಿ ಪಾತ್ರಗಳನ್ನು ಬರೆದವರು, ಬಿಡಿಸಿದವರು ಎಲ್ಲೂ ಕಾಣುವುದಿಲ್ಲ. 1960ರ ದಶಕದಲ್ಲಿ ಜಾಕ್ ಕರ್ಬಿ, ಡಿಟ್ಕೊ ಮುಂತಾದವರಿಗೆ ಸಿಗುತ್ತಿದ್ದದ್ದು ಪುಟಕ್ಕಿಷ್ಟು ಎಂಬ ಸಂಭಾವನೆ. ಅಮೆರಿಕದ 1976ರ ಕಾನೂನು ಹಳೆಯ ಕೃತಿಗಳ ಹಕ್ಕನ್ನು ಬಿಟ್ಟುಕೊಟ್ಟ ಲೇಖಕರು ಅಥವಾ ಅವರ ವಾರಸುದಾರರು 56 ವರ್ಷಗಳ ನಂತರ ಅದನ್ನು ಮರಳಿ ಕೇಳಲು ಅವಕಾಶ ಕೊಡುತ್ತದೆ. ಆದರೆ ಕಂಪನಿ ಹೇಳಿ ಮಾಡಿಸಿದ, ಕೂಲಿಗಾಗಿ ಮಾಡಿದ ಕೆಲಸಕ್ಕೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಕಾನೂನಿನ ಕಣ್ಣಿಗೆ ಕಂಪನಿಯೇ ಲೇಖಕ.

ಡಿಸ್ನಿ ಖರೀದಿ ಘೋಷಣೆಯಾದ ಕೆಲವೇ ವಾರಗಳಲ್ಲಿ ಕರ್ಬಿಯ ಮಕ್ಕಳು 45 ನೋಟಿಸು ಕಳಿಸಿದರು. 2011ರಲ್ಲಿ, ಮೇಲ್ಮನವಿಯಲ್ಲಿ 2013ರಲ್ಲಿ, ಕೋರ್ಟು ಮಾರ್ವೆಲ್ ಪರ ತೀರ್ಪು ಕೊಟ್ಟಿತು: ಅದು ಕೂಲಿಯ ಕೆಲಸ. ಕುಟುಂಬ ಸುಪ್ರೀಂ ಕೋರ್ಟಿಗೆ ಹೋಯಿತು. ಅರ್ಜಿ ಸ್ವೀಕರಿಸಬೇಕೇ ಎಂದು ನ್ಯಾಯಮೂರ್ತಿಗಳು ಚರ್ಚಿಸಬೇಕಿದ್ದ ದಿನಕ್ಕೆ ಸ್ವಲ್ಪ ಮೊದಲು, 2014ರ ಸೆಪ್ಟೆಂಬರ್‌ನಲ್ಲಿ, ಎರಡೂ ಕಡೆಯವರು ರಾಜಿಯಾದರು. ಷರತ್ತುಗಳು ಹೊರಬರಲಿಲ್ಲ. ಕರ್ಬಿ ತೀರಿಕೊಂಡು ಆಗ ಇಪ್ಪತ್ತು ವರ್ಷವಾಗಿತ್ತು.

ಡಿಟ್ಕೊ 2018ರಲ್ಲಿ ತೀರಿಕೊಂಡರು. 2021ರಲ್ಲಿ ಅವರ ಆಸ್ತಿಯ ಪರವಾಗಿ ಸ್ಪೈಡರ್-ಮ್ಯಾನ್ ಹಕ್ಕು ಕೇಳಿ ನೋಟಿಸು ಹೋಯಿತು, ಮಾರ್ವೆಲ್ ಕೋರ್ಟಿಗೆ ಹೋಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಬಿಡುಗಡೆಯಾದ ‘ಸ್ಪೈಡರ್-ಮ್ಯಾನ್: ನೋ ವೇ ಹೋಮ್’ ಸುಮಾರು 190 ಕೋಟಿ ಡಾಲರ್ ಗಳಿಸಿತು. ಮೂರು ಕಾಲದ ಮೂವರು ಸ್ಪೈಡರ್-ಮ್ಯಾನ್‌ಗಳು ಅದರಲ್ಲಿ ಒಂದಾದರು. ಮೂರು ಬೇರೆ ಬೇರೆ ಕರಾರುಗಳು ಹಡೆದ ಮೂವರು. ಡಿಟ್ಕೊ ಪ್ರಕರಣ 2023ರ ಡಿಸೆಂಬರ್‌ನಲ್ಲಿ, ವಿಚಾರಣೆಗೆ ಬರುವ ಮೊದಲೇ, ರಾಜಿಯಲ್ಲಿ ಮುಗಿಯಿತು. ಪುಟದ ಲೆಕ್ಕದಲ್ಲಿ ದುಡ್ಡು ಪಡೆದವನು ಪಾತ್ರದ ಒಡೆಯನೂ ಆಗಬಹುದೇ ಎಂಬ ಪ್ರಶ್ನೆಗೆ ಅಮೆರಿಕದ ಸುಪ್ರೀಂ ಕೋರ್ಟು ಈ ಎರಡೂ ಪ್ರಕರಣಗಳಲ್ಲಿ ಉತ್ತರಿಸುವ ಸಂದರ್ಭವೇ ಬರಲಿಲ್ಲ.